ಕೆರೆಗೆ ಸೋಡಾ ಹಾಕಿದವರು ಯಾರು?

ನಮ್ಮಪ್ಪನ ಸೋಡಾ ಅಂಗಡಿಯ ಹಿಂಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಂಕಿಗಳ ಸಾಲೊಂದು ಯಾವಾಗಲೂ ಇರುತ್ತಿತ್ತು. ಅದು ಗಿರಾಕಿಗಳ ಸಾಲದ ಲೆಕ್ಕವಲ್ಲ, ಗ್ಯಾಸಿನ ಲೆಕ್ಕ. ಪ್ರತಿ ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅಪ್ಪ ಕಪ್ಪು ಬಣ್ಣದ ಕಬ್ಬಿಣದ ಸಿಲಿಂಡರನ್ನು ಉರುಳಿಸಿಕೊಂಡು ಪಕ್ಕದ ಮಂಡಿಯ ತಕ್ಕಡಿಗೆ ಏರಿಸುತ್ತಿದ್ದರು. ಸಿಲಿಂಡರಿನ ಕತ್ತಿನ ಬಳಿ ಖಾಲಿ ತೂಕವನ್ನು ಉಳಿಯಿಂದ ಒತ್ತಿದ ಹಾಗೆ ಅಚ್ಚು ಹಾಕಿರುತ್ತಾರೆ. ಈಗಿನ ತೂಕದಲ್ಲಿ ಅದನ್ನು ಕಳೆದರೆ ಉಳಿದದ್ದು ಗ್ಯಾಸು. ಆ ಅಂಕಿ ಗೋಡೆಗೆ ಹೋಗುತ್ತಿತ್ತು. ಮೀಟರಿನ ಮುಳ್ಳು ಇದೆಯಲ್ಲ, ತೂಕ ಯಾಕೆ ಅಂತ ನಾನು ಕೇಳಿದ್ದಕ್ಕೆ ಅಪ್ಪ ಹೇಳಿದ್ದು ಒಂದೇ ಮಾತು: "ಮುಳ್ಳು ಕೊನೇ ದಿನದವರೆಗೂ ಇದೆ ಇದೆ ಅನ್ನುತ್ತೆ ಕಣೋ. ತೂಕ ಹಾಗನ್ನಲ್ಲ."

ಇದು 1960ರ ದಶಕದ ಮುಳಬಾಗಿಲು. ಮೈಸೂರು ಸೀಮೆಗೆ ಮೂಡಲ ಬಾಗಿಲು ಅನ್ನುವುದೇ ಊರ ಹೆಸರಿನ ಅರ್ಥ. ಬೆಂಗಳೂರಿಂದ ಕೋಲಾರ ದಾಟಿ ಮದರಾಸಿಗೆ, ತಿರುಪತಿಗೆ ಹೋಗುವ ಬಸ್ಸುಗಳೆಲ್ಲ ನಮ್ಮೂರಿನ ಮೇಲೆಯೇ ಹೋಗುತ್ತಿದ್ದವು. ತಿರುಪತಿಗೆ ಹೊರಟವರು ನರಸಿಂಹ ತೀರ್ಥದಲ್ಲಿ ಮಿಂದು, ಶ್ರೀಪಾದರಾಜರ ಬೃಂದಾವನಕ್ಕೆ ಕೈ ಮುಗಿದು, ಬಸ್ ನಿಲ್ದಾಣಕ್ಕೆ ಬಂದರೆ ಮೊದಲು ಸಿಗುತ್ತಿದ್ದದ್ದು ಸೋಡಾ ಅಂಗಡಿ. ಬೇಸಿಗೆಯ ದಿನಗಳಲ್ಲಿ ಅಪ್ಪನಿಗೆ ಊಟಕ್ಕೆ ಕೂರಲು ಪುರುಸೊತ್ತಿರುತ್ತಿರಲಿಲ್ಲ. ಅಂಗಡಿಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಸೋಡಾ ಮಾತ್ರ ಎರಡೂ ಭಾಷೆಯಲ್ಲಿ ಸೋಡಾವೇ.

ಬಾಟಲಿ ತೊಳೆಯುವುದು, ಚಕ್ರ ತಿರುಗಿಸುವುದು ನನ್ನ ಕೆಲಸ. ನೀರು ತುಂಬಿದ ಬಾಟಲಿಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಸಿಕ್ಕಿಸಿ, ಸಿಡಿದರೆ ಚೂರು ಹಾರದಂತೆ ಮುಚ್ಚಳ ಹಾಕಿ, ಗ್ಯಾಸು ಬಿಟ್ಟು, ಹಿಡಿ ಹಿಡಿದು ಗರಗರ ತಿರುಗಿಸಬೇಕು. ಬಾಟಲಿ ತಲೆಕೆಳಗಾಗಿ ಮೇಲಾಗಿ ಹೊರಳುವಾಗ ಗ್ಯಾಸು ನೀರಿನೊಳಗೆ ಇಳಿಯುತ್ತದೆ. ಬಾಟಲಿ ತಲೆಕೆಳಗಿದ್ದಾಗ ಗೋಲಿ ತಾನಾಗಿ ಕತ್ತಿಗೆ ಜಾರಿ, ಒಳಗಿನ ಒತ್ತಡಕ್ಕೆ ರಬ್ಬರ್ ವಾಷರಿಗೆ ಕಚ್ಚಿಕೊಂಡು ಕೂತುಬಿಡುತ್ತದೆ. ಬಿರಡೆಯಿಲ್ಲ, ತಗಡಿನ ಮುಚ್ಚಳವಿಲ್ಲ. ಯಾವ ಗ್ಯಾಸು ಹೊರಗೆ ಓಡಿಹೋಗಬೇಕು ಅಂತ ಹವಣಿಸುತ್ತಿದೆಯೋ ಅದೇ ಗ್ಯಾಸು ಬಾಗಿಲು ಹಾಕಿ ನಿಲ್ಲುತ್ತದೆ. ಈ ಉಪಾಯ ಇಂಗ್ಲೆಂಡಿನ ಹಿರಮ್ ಕಾಡ್ ಎಂಬಾತನದು, 1870ರ ದಶಕದ ಆರಂಭದ್ದು. ಅವನ ದೇಶ ಆ ಬಾಟಲಿಯನ್ನು ಮರೆತು ಎಷ್ಟೋ ಕಾಲವಾಯಿತು. ನಮ್ಮ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣಗಳು ಅದನ್ನು ಕಾಪಾಡಿಕೊಂಡು ಬಂದವು. ಜಪಾನಿನವರೂ ಕಾಪಾಡಿಕೊಂಡರು, ಅಲ್ಲಿ ಅದರ ಹೆಸರು ರಾಮುನೆ.

ನಾನು ಸೋಡಾ ಅಂಗಡಿ ಬಿಟ್ಟು ವಿಜ್ಞಾನದ ಮೇಷ್ಟ್ರಾದೆ. 1979ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಗೆ ಮೊದಲ ನೇಮಕ. ಒಂದು ಕಡೆ ಮಾವಿನ ತೋಪು, ಇನ್ನೊಂದು ಕಡೆ ಕೆರೆ ಏರಿ, ನಡುವೆ ಶಾಲೆ. ಹತ್ತನೇ ತರಗತಿಗೆ ದ್ಯುತಿಸಂಶ್ಲೇಷಣೆಯ ಪಾಠ ಬಂದಾಗ ಹುಡುಗರನ್ನು ಕೆರೆಗೆ ಕಳಿಸುತ್ತಿದ್ದೆ. ಮೊಣಕಾಲುದ್ದ ನೀರಿಗಿಳಿದು ಅವರು ಹೈಡ್ರಿಲ್ಲಾ ಗಿಡವನ್ನು ತೋಳ್ತುಂಬ ಕಿತ್ತು ತರುತ್ತಿದ್ದರು. ಊರವರ ಬಾಯಲ್ಲಿ ಅದೂ ಪಾಚಿಯೇ. ಬೀಕರಿನಲ್ಲಿ ಗಿಡವಿಟ್ಟು, ಮೇಲೆ ಗಾಜಿನ ಆಲಿಕೆ ಬೋರಲು ಹಾಕಿ, ಅದರ ಕೊಳವೆಯ ಮೇಲೆ ನೀರು ತುಂಬಿದ ಪ್ರಣಾಳ ಕವುಚಿ ಬಿಸಿಲಿಗಿಟ್ಟರೆ ಸಣ್ಣ ಸಣ್ಣ ಗುಳ್ಳೆಗಳು ಸರದ ಮಣಿಯಂತೆ ಒಂದರ ಹಿಂದೆ ಒಂದು ಏಳುತ್ತಿದ್ದವು. ಪ್ರಣಾಳದ ಬಾಯಿಗೆ ಕೆಂಡ ಹಿಡಿದ ಊದುಬತ್ತಿ ಒಡ್ಡಿದರೆ ಅದು ಭಗ್ಗನೆ ಹತ್ತಿಕೊಳ್ಳುತ್ತಿತ್ತು. ಅದು ಆಮ್ಲಜನಕ.

ಪಾಠದಲ್ಲಿ ಇನ್ನೊಂದು ಮಾತಿತ್ತು. ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಗುಳ್ಳೆ ಹೆಚ್ಚಾಗುತ್ತದೆ. ಒಂದು ವರ್ಷ ನಾನು ಅಡುಗೆ ಸೋಡಾದ ಬದಲು ಅಂಗಡಿಯಿಂದ ಗೋಲಿ ಸೋಡಾವನ್ನೇ ತರಿಸಿ ಎರಡು ಚಮಚ ಹಾಕಿದೆ. ನಿಮಿಷಕ್ಕೆ ಎಷ್ಟು ಗುಳ್ಳೆ ಅಂತ ಹುಡುಗರು ಎಣಿಸುತ್ತ ಕೂತರು. ಲೆಕ್ಕ ಏರುತ್ತ ಹೋಯಿತು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸಾರ್, ಕೆರೆಗೆ ಸೋಡಾ ಹಾಕೋರು ಯಾರು?"

ಗಾಳಿಯಿಂದ ಬರುತ್ತೆ, ಮೀನು ಉಸಿರಾಡುತ್ತೆ ಅಂತೇನೋ ಹೇಳಿ ಕೂರಿಸಿದೆ. ಸರಿಯಾದ ಉತ್ತರ ಅದಲ್ಲ ಅನ್ನುವುದು ನನಗೇ ಗೊತ್ತಿತ್ತು. ಆ ಪ್ರಶ್ನೆ ನನ್ನ ಜೊತೆಗೇ ಉಳಿಯಿತು.

ಉತ್ತರ ಹುಡುಕುತ್ತ ಓದಿದಾಗ ತಿಳಿದದ್ದು ಇದು. ಸೋಡಾ ನೀರು ಮಾಡುವ ವಿದ್ಯೆ ಮತ್ತು ಗಿಡ ಗಾಳಿಯನ್ನು ಶುದ್ಧ ಮಾಡುತ್ತದೆ ಅನ್ನುವ ಅರಿವು, ಎರಡೂ ಒಬ್ಬನೇ ಮನುಷ್ಯನ ಕೈಯಿಂದ ಬಂದವು. ಅವನು ಜೋಸೆಫ್ ಪ್ರೀಸ್ಟ್ಲಿ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಅವನ ಮನೆ ಪಕ್ಕದಲ್ಲೊಂದು ಬಿಯರ್ ಭಟ್ಟಿ. ಹುದುಗುವ ತೊಟ್ಟಿಯ ಮೇಲೆ ನಿಂತ ಗಾಳಿಯನ್ನು ನೀರಿಗೆ ಸೇರಿಸಿ ನೋಡಿ ಅವನು ಸೋಡಾ ನೀರು ಕಂಡುಕೊಂಡ. ಗಂಧಕಾಮ್ಲವನ್ನು ಸೀಮೆಸುಣ್ಣದ ಪುಡಿಯ ಮೇಲೆ ಹಾಕಿ ಅದೇ ಗಾಳಿ ಪಡೆಯುವ ಕ್ರಮವನ್ನು 1772ರಲ್ಲಿ ಪುಸ್ತಿಕೆಯಾಗಿ ಅಚ್ಚು ಹಾಕಿಸಿದ. ಸಿಲಿಂಡರ್ ಬರುವ ಮೊದಲು ಸೋಡಾ ಕಾರ್ಖಾನೆಗಳು ನಡೆದದ್ದು ಈ ಕ್ರಮದ ಮೇಲೆಯೇ. ಅದೇ ಪ್ರೀಸ್ಟ್ಲಿ 1771ರಲ್ಲಿ, ದೀಪ ಉರಿದು ಕೆಟ್ಟ ಗಾಳಿಯಲ್ಲಿ ಪುದೀನಾ ಕಡ್ಡಿಯೊಂದನ್ನು ಇಟ್ಟು, ಕೆಲವು ದಿನಗಳ ಮೇಲೆ ಅಲ್ಲಿ ಮತ್ತೆ ದೀಪ ಉರಿಯುವುದನ್ನು ಕಂಡ. 1779ರಲ್ಲಿ ಯಾನ್ ಇಂಗನ್‌ಹೌಸ್, ನೀರಲ್ಲಿ ಮುಳುಗಿಸಿದ ಎಲೆಗಳಿಂದ ಬಿಸಿಲಿನಲ್ಲಿ ಮಾತ್ರ ಗುಳ್ಳೆ ಏಳುತ್ತದೆ ಅಂತ ತೋರಿಸಿದ. 1782ರಲ್ಲಿ ಜಿನೀವಾದ ಪಾದ್ರಿ ಜಾನ್ ಸೆನೆಬಿಯೆ, ಆ ಎಲೆಗಳಿಗೆ ಬೇಕಾದ ಆಹಾರ ನೀರಿನಲ್ಲಿ ಕರಗಿದ ಸೋಡಾ ಗ್ಯಾಸೇ ಅಂತ ಬರೆದ. ಮಾರನೆಯ ವರ್ಷ ಅದೇ ಜಿನೀವಾದಲ್ಲಿ ಯಾಕೋಬ್ ಶ್ವೆಪ್ ಸೋಡಾ ನೀರಿನ ವ್ಯಾಪಾರ ಶುರು ಮಾಡಿದ. ಎಲೆಗೆ ಗ್ಯಾಸು ಬೇಕು ಅಂದವನೂ ಗ್ಯಾಸಿನ ನೀರು ಮಾರಿದವನೂ ಒಂದೇ ಊರಿನವರು. ಹುಡುಗರಿಗೆ ಗೋಲಿ ಸೋಡಾ ಹಾಕಿ ನಾನು ತೋರಿಸಿದ್ದು ಸೆನೆಬಿಯೆ ಇನ್ನೂರು ವರ್ಷ ಹಿಂದೆ ಕಂಡದ್ದನ್ನೇ.

ಆದರೂ ಹುಡುಗನ ಪ್ರಶ್ನೆಗೆ ಉತ್ತರ ಜಿನೀವಾದಲ್ಲಿರಲಿಲ್ಲ. ಅದು ನಮ್ಮ ಕೆರೆಯ ತಳದಲ್ಲಿತ್ತು. ನನಗೆ ಅದು ಕಂಡದ್ದು ಮಾಲೂರಿಗೆ ವರ್ಗವಾದ ಮೇಲೆ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಪಾಲಾರ್, ಪಿನಾಕಿನಿ ಅಂತ ಹೆಸರಿಗೆ ನದಿಗಳಿದ್ದರೂ ಮಳೆ ಬಂದಾಗ ಮಾತ್ರ ನೀರು. ಅದಕ್ಕೇ ನಮ್ಮ ಹಿರಿಯರು ಕೆರೆ ಕಟ್ಟಿದರು. ಒಂದರ ಕೋಡಿ ಇನ್ನೊಂದರ ಒಡಲಿಗೆ, ಅದರ ಕೋಡಿ ಮುಂದಿನದಕ್ಕೆ. 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ ಈ ವ್ಯವಸ್ಥೆಯನ್ನು ನೋಡಿ, ಈ ಸೀಮೆಯಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕಬೇಕಾದರೆ ಜಾಣತನ ಬೇಕು ಅನ್ನುವ ಅರ್ಥದಲ್ಲಿ ಬರೆದ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರು ಬಿಡಲು ನೀರಗಂಟಿ. ಇವೆಲ್ಲ ಎಲ್ಲರಿಗೂ ಗೊತ್ತಿರುವ ಮಾತು. ನನಗೆ ಮುಖ್ಯವಾದದ್ದು ಗೋಡು.

ಕೆರೆಯ ತಳದಲ್ಲಿ ಕೂತ ಕಪ್ಪು ಮಣ್ಣಿಗೆ ನಮ್ಮಲ್ಲಿ ಗೋಡು ಅನ್ನುತ್ತಾರೆ. ಮಳೆಯ ಜೊತೆ ಹರಿದು ಬಂದ ಸಗಣಿ, ತರಗೆಲೆ, ಹುಲ್ಲು, ಸತ್ತ ಪಾಚಿ ಎಲ್ಲ ಅದರೊಳಗೆ ಕೊಳೆಯುತ್ತದೆ. ಕೊಳೆಯುವುದು ಅಂದರೆ ಅಣುಜೀವಿಗಳು ತಿನ್ನುವುದು, ತಿಂದು ಉಸಿರು ಬಿಡುವುದು. ಆ ಉಸಿರೇ ಇಂಗಾಲದ ಡೈಆಕ್ಸೈಡ್, ಅಪ್ಪನ ಸಿಲಿಂಡರಿನಲ್ಲಿದ್ದ ಅದೇ ಗ್ಯಾಸು. ಲೀಡ್ಸಿನ ಭಟ್ಟಿಯ ತೊಟ್ಟಿಯಲ್ಲಿ ನಡೆದದ್ದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಹಗಲಿನಲ್ಲಿ ಹೈಡ್ರಿಲ್ಲಾ ಅದನ್ನು ಹೀರುತ್ತದೆ. ಕೆರೆಗೆ ಸೋಡಾ ಹಾಕುತ್ತಿದ್ದದ್ದು ಗೋಡು. ಆ ಹುಡುಗನಿಗೆ ನಾನು ಹೇಳಬೇಕಿದ್ದ ಉತ್ತರ ಇದು.

ಬೇಸಿಗೆಯಲ್ಲಿ ನೀರು ತಗ್ಗಿದಾಗ ರೈತರು ಗಾಡಿ ಕಟ್ಟಿಕೊಂಡು ಬಂದು ಗೋಡು ಹೊಡೆದುಕೊಂಡು ಹೋಗುತ್ತಿದ್ದರು. ರಾಗಿ ಹೊಲಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಹೊಲಕ್ಕೆ ಸಾರ, ಕೆರೆಗೆ ಆಳ. ಮೇಲಿನ ಪದರ ಹೋದರೂ ಕೆಳಗಿನದು ತೇವವಾಗಿ ಉಳಿದು, ಮಳೆ ಬಿದ್ದ ಕೂಡಲೇ ಮತ್ತೆ ಉಸಿರಾಡುತ್ತಿತ್ತು. ಹೈಡ್ರಿಲ್ಲಾ ಮಣ್ಣಿನಲ್ಲಿ ಸಣ್ಣ ಗಡ್ಡೆ ಬಿಡುತ್ತದೆ. ತೇವವಿದ್ದರೆ ಆ ಗಡ್ಡೆ ಕೆಲವು ವರ್ಷ ಜೀವ ಹಿಡಿದು ಮಲಗಿರಬಲ್ಲದು. ಮಾಲೂರಿನಲ್ಲಿ ನಾನಿದ್ದ ಕಾಲಕ್ಕೆ ಗಾಡಿಗಳ ಜಾಗಕ್ಕೆ ಲಾರಿಗಳು ಬಂದಿದ್ದವು. ಮಾಲೂರು ಹೆಂಚು, ಇಟ್ಟಿಗೆಗೆ ಹೆಸರಾದ ಊರು. ಕೆರೆಯ ಜೇಡಿಮಣ್ಣು ಹದವಾದದ್ದು, ಗೂಡಿಗೆ ಬೇಕು. ಹೊಲಕ್ಕೆ ಹೋದ ಗೋಡು ಮಳೆಯ ಜೊತೆ ಒಂದು ದಿನ ಕೆರೆಗೆ ಮರಳುತ್ತದೆ. ಸುಟ್ಟು ಇಟ್ಟಿಗೆಯಾಗಿ ಬೆಂಗಳೂರಿನ ಗೋಡೆ ಸೇರಿದ ಮಣ್ಣು ಮರಳುವುದಿಲ್ಲ. ಆ ಗೂಡುಗಳಲ್ಲಿ ದುಡಿದವರ ಮಕ್ಕಳಿಗೇ ನಾನು ಪಾಠ ಹೇಳಿದ್ದು, ಅವರ ಅನ್ನದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕೆರೆಗಳು ವರ್ಷಗಟ್ಟಲೆ ಒಣಗಿ, ಏರಿಯ ಮೇಲೆ ಜಾಲಿ ಬೆಳೆದು, ಕೊಳವೆಬಾವಿಗಳು ಸಾವಿರ ಅಡಿ ದಾಟಿದಾಗ ನನ್ನ ಪ್ರಯೋಗಕ್ಕೆ ಹೈಡ್ರಿಲ್ಲಾ ಸಿಗದಾಯಿತು. ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಪಾಠ ಮುಗಿಸಿದೆ. ಗುಳ್ಳೆಯನ್ನು ಕಣ್ಣಾರೆ ಕಾಣದೆ ನನ್ನ ಕೈಕೆಳಗೆ ಓದಿ ಹೋದ ಮಕ್ಕಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನಿವೃತ್ತನಾಗಿ ಕೋಲಾರದಲ್ಲಿ ನೆಲೆಸಿದ ಮೇಲೆ ಮಗಳ ಮಗ ಒಂದು ಗಾಜಿನ ತೊಟ್ಟಿ ತಂದುಕೊಟ್ಟ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಲೆಕ್ಕಕ್ಕೆ 56 ಲೀಟರ್ ನೀರು. "ತಾತ, ಇದರಲ್ಲಿ ಮೀನಿಗಿಂತ ಗಿಡ ಮುಖ್ಯ" ಅಂದ. ಮೀನು, ಗಿಡ ಒಂದನ್ನೊಂದು ಸಾಕುತ್ತವೆ ಅನ್ನುವ ತೊಟ್ಟಿಯ ಕಲ್ಪನೆಯೂ ಹಳೆಯದೇ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಹೊನ್ನಮೀನು, ಕೆಲವು ಬಸವನಹುಳು, ವ್ಯಾಲಿಸ್ನೇರಿಯಾ ಗಿಡ ಇಟ್ಟು ನೀರು ಕೆಡದಂತೆ ಸಾಕಿದ್ದನ್ನು ವರದಿ ಮಾಡಿದ್ದ. ಸಿಲಿಂಡರ್ ಜೋಡಿಸಿ ತೊಟ್ಟಿಯನ್ನೇ ಕಾಡು, ಹುಲ್ಲುಗಾವಲಿನ ಹಾಗೆ ಬೆಳೆಸುವ ರೂಢಿಯನ್ನು ಲೋಕಕ್ಕೆ ಪರಿಚಯಿಸಿದವರಲ್ಲಿ ದೊಡ್ಡ ಹೆಸರು ಜಪಾನಿನ ತಕಾಶಿ ಅಮಾನೋ ಅವರದು. 1982ರಲ್ಲಿ ಅವರು ಇದಕ್ಕಾಗಿಯೇ ಕಂಪನಿ ಕಟ್ಟಿದರು, 2015ರಲ್ಲಿ ತೀರಿಕೊಂಡರು. ಅವರು ಮೊದಮೊದಲು ತೊಟ್ಟಿಗೆ ಸೋಡಾ ನೀರನ್ನೇ ಸುರಿದು ನೋಡಿದ್ದರು ಅನ್ನುವ ಮಾತು ಈ ಹವ್ಯಾಸದವರ ನಡುವೆ ಓಡಾಡುತ್ತದೆ. ಅದನ್ನು ಕೇಳಿದಾಗ ಸೋಡಾ ಅಂಗಡಿಯ ಮಗನಿಗೆ ಎಷ್ಟು ಸಂತೋಷವಾಯಿತು ಅಂತ ಹೇಳಲಾರೆ.

ಗ್ಯಾಸು ಯಾಕೆ ಬೇಕು? ನೀರಿನಲ್ಲಿ ಈ ಗ್ಯಾಸು ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಹತ್ತು ಸಾವಿರ ಪಟ್ಟು ನಿಧಾನ. ತಾವರೆಗೆ, ಅಂತರಗಂಗೆ ಗಿಡಕ್ಕೆ ಈ ಕಷ್ಟವಿಲ್ಲ. ಎಲೆ ನೀರಿನ ಮೇಲಿದೆ, ಗಾಳಿಯಿಂದಲೇ ತೆಗೆದುಕೊಳ್ಳುತ್ತವೆ. ಕೋಲಾರದ ಬೆಟ್ಟದಲ್ಲಿ ಬಸವನ ಬಾಯಿಂದ ನೀರು ಸುರಿಯುವ ಅಂತರಗಂಗೆಯ ಹೆಸರೇ ಈ ತೇಲುವ ಗಿಡಕ್ಕೂ ಇರುವುದು ನಮ್ಮ ಭಾಷೆಯ ಚೆಲುವು. ಮುಳುಗಿ ಬೆಳೆಯುವ ಗಿಡಕ್ಕೆ ಮಾತ್ರ ನೀರಿನಲ್ಲಿ ಕರಗಿರುವುದೇ ಗತಿ. ತೊಳೆದ ಮರಳು ಹಾಸಿದ ಹೊಸ ತೊಟ್ಟಿಯಲ್ಲಿ ಗೋಡು ಇಲ್ಲ, ಗೋಡಿನ ಉಸಿರೂ ಇಲ್ಲ.

ಎರಡು ಕೆಜಿ ಗ್ಯಾಸಿನ ಸಿಲಿಂಡರ್ ಸಿಕ್ಕಿದ್ದು ಸೋಡಾದವರಿಗೆ ಗ್ಯಾಸು ತುಂಬಿಕೊಡುವವರ ಬಳಿ. ಉಳಿದ ಸಾಮಾನಿಗೆ ಬೆಂಗಳೂರಿಗೆ ಹೋದೆ. ಸಿಲಿಂಡರಿನೊಳಗೆ ಗ್ಯಾಸು ದ್ರವವಾಗಿ ಕೂತಿರುತ್ತದೆ. 25 ಡಿಗ್ರಿ ಸೆಕೆಯಲ್ಲಿ ಒಳಗಿನ ಒತ್ತಡ 64 ಬಾರ್, ಅಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಅರವತ್ತು ಪಟ್ಟಿಗೂ ಮೇಲೆ. ರೆಗ್ಯುಲೇಟರ್ ಅದನ್ನು ಎರಡು ಬಾರ್‌ಗೆ ಇಳಿಸುತ್ತದೆ. ಅದರ ಮುಂದೆ ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್, ಆಮೇಲೆ ಕೂದಲೆಳೆಯಷ್ಟು ಗ್ಯಾಸು ಬಿಡುವ ನೀಡಲ್ ವಾಲ್ವ್, ಗುಳ್ಳೆ ಎಣಿಸುವ ಪುಟ್ಟ ಗಾಜಿನ ಕೊಳವೆ, ತೊಟ್ಟಿಯ ನೀರು ಹಿಂದಕ್ಕೆ ಹತ್ತದಂತೆ ಚೆಕ್ ವಾಲ್ವ್, ಕೊನೆಗೆ ನೀರಿನೊಳಗೆ ಗ್ಯಾಸನ್ನು ಹೊಗೆಯ ಹಾಗೆ ಸಣ್ಣಗೆ ಒಡೆಯುವ ಪಿಂಗಾಣಿ ಬಿಲ್ಲೆ. ಪ್ರತಿ ಕೀಲಿಗೂ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಿದೆ. ಅಪ್ಪ ಮಾಡುತ್ತಿದ್ದದ್ದೂ ಅದನ್ನೇ, ಬಟ್ಟೆ ಸೋಪಿನ ನೊರೆ ಮತ್ತು ಒಂದು ಕೋಳಿಗರಿ.

ಕೋಲಾರದ ಕೊಳವೆಬಾವಿಯ ನೀರು ಗಡುಸು. ನನ್ನ ಮನೆಯ ನೀರಿನ ಕಾರ್ಬೊನೇಟ್ ಗಡಸುತನ 14 ಡಿಗ್ರಿ, ಪಿಎಚ್ 8.2. ಲೆಕ್ಕ ಹಾಕಿದರೆ ಲೀಟರಿಗೆ ಎರಡೂವರೆ ಮಿಲಿಗ್ರಾಂ ಚಿಲ್ಲರೆ ಗ್ಯಾಸು. ಗ್ಯಾಸು ಬಿಟ್ಟು ಪಿಎಚ್ ಒಂದು ಅಂಕಿ ಇಳಿದು 7.2 ಆದರೆ ಅದು ಹತ್ತು ಪಟ್ಟಾಗಿ 26ರ ಹತ್ತಿರ ಬರುತ್ತದೆ. ಗಿಡಕ್ಕೆ ಸಾಕು, ಮೀನಿಗೂ ತೊಂದರೆಯಿಲ್ಲ. ತೊಟ್ಟಿಯೊಳಗೆ ನೇತುಹಾಕಿದ ಗಾಜಿನ ಗುಬುಟಿನಲ್ಲಿ ಬಣ್ಣದ ದ್ರಾವಣವೊಂದಿರುತ್ತದೆ. ನೀಲಿ ಇದ್ದರೆ ಗ್ಯಾಸು ಕಡಿಮೆ, ಹಸಿರಾದರೆ ಸರಿ, ಹಳದಿಯಾದರೆ ಅಪಾಯ. ದೀಪ ಹಚ್ಚುವ ಒಂದು ಗಂಟೆ ಮುಂಚೆ ಗ್ಯಾಸು ಶುರು, ದೀಪ ಆರುವ ಒಂದು ಗಂಟೆ ಮುಂಚೆ ನಿಲುಗಡೆ. ರಾತ್ರಿ ಗಿಡಗಳೂ ಮೀನಿನಂತೆ ಉಸಿರಾಡುವುದರಿಂದ ಆಗ ಗ್ಯಾಸು ಬಿಡಬಾರದು.

ಮೂರನೆಯ ದಿನ ಮಧ್ಯಾಹ್ನ ಎಲೆಗಳ ಅಂಚಿನಲ್ಲಿ ಗುಳ್ಳೆ ಕಟ್ಟಿತು. ಒಂದೊಂದಾಗಿ ಬಿಡಿಸಿಕೊಂಡು ಮೇಲೇರಿತು. ಶ್ರೀನಿವಾಸಪುರದ ಬೀಕರಿನಲ್ಲಿ ಕಂಡ ಅದೇ ಮಣಿಸರ. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ.

ಹದಿನಾಲ್ಕು ತಿಂಗಳು ಸುಖವಾಗಿ ನಡೆಯಿತು. ದಿನಾ ಮೀಟರ್ ನೋಡುತ್ತಿದ್ದೆ, ಮುಳ್ಳು ಕದಲುತ್ತಿರಲಿಲ್ಲ. ಒಂದು ದಿನ ಮಾಲೂರಿಗೆ ಮದುವೆಗೆ ಹೋಗಿ ಸಂಜೆ ಬಂದಾಗ ಗಾಜಿನ ಗುಬುಟು ನಿಂಬೆಹಣ್ಣಿನಷ್ಟು ಹಳದಿ. ಟೆಟ್ರಾ ಮೀನುಗಳು ನೀರಿನ ಮೇಲೆ ಬಾಯಿ ತೆರೆದು ಒದ್ದಾಡುತ್ತಿದ್ದವು. ಅರ್ಧ ನೀರು ಬದಲಿಸಿ, ಗಾಳಿ ಪಂಪು ಹಾಕಿದೆ. ಹನ್ನೆರಡರಲ್ಲಿ ಎಂಟು ಸತ್ತವು. ಆಗ ಅರ್ಥವಾಯಿತು. ಸಿಲಿಂಡರಿನೊಳಗೆ ಒಂದು ತೊಟ್ಟು ದ್ರವ ಉಳಿದಿರುವವರೆಗೂ ಒತ್ತಡ ಹಾಗೇ ಇರುತ್ತದೆ. ಆವಿಯಾಗಿ ಹೋದಷ್ಟನ್ನು ದ್ರವ ತುಂಬಿಕೊಡುತ್ತದೆ. ದ್ರವ ಮುಗಿದ ಕ್ಷಣದಿಂದ ಒತ್ತಡ ಜರ್ರನೆ ಇಳಿಯುತ್ತದೆ, ಆಗ ಕೆಲವು ರೆಗ್ಯುಲೇಟರುಗಳು ಹದ ತಪ್ಪಿ ಉಳಿದ ಗ್ಯಾಸನ್ನೆಲ್ಲ ಒಮ್ಮೆಲೇ ಬಿಟ್ಟುಬಿಡುತ್ತವೆ. ಮುಳ್ಳು ಕೊನೇ ದಿನದವರೆಗೂ ಇದೆ ಇದೆ ಅನ್ನುತ್ತೆ ಅಂತ ಅಪ್ಪ ಹೇಳಿದ್ದು ಇದನ್ನೇ. ವಿಜ್ಞಾನದ ಪದವಿ ಇಲ್ಲದ ಅವರು ತಕ್ಕಡಿಯಲ್ಲಿ ಕಂಡುಕೊಂಡಿದ್ದ ಸತ್ಯವನ್ನು ನಾನು ಎಂಟು ಜೀವ ತೆತ್ತು ಕಲಿತೆ. ಮಾರನೆಯ ದಿನವೇ ತೂಕದ ಯಂತ್ರ ತಂದೆ. ಈಗ ಪ್ರತಿ ಭಾನುವಾರ ನನ್ನ ಮನೆಯ ಹಿಂಗೋಡೆಯ ಮೇಲೂ ಸೀಮೆಸುಣ್ಣದ ಅಂಕಿಗಳಿವೆ.

ಕೆರೆಗಳನ್ನೂ ನಾವು ಹೀಗೆಯೇ ಮೀಟರಿನ ಮುಳ್ಳು ನೋಡಿ ನಂಬಿದೆವು ಅಂತ ನನಗನಿಸುತ್ತದೆ. ಏರಿ ಇದೆ, ತೂಬು ಇದೆ, ಕಂದಾಯದ ದಾಖಲೆಯಲ್ಲಿ ಹೆಸರಿದೆ. ಒಳಗಿನ ಗೋಡು, ಅದರ ತೇವ, ಅದರ ಉಸಿರು ಎಷ್ಟು ಉಳಿದಿದೆ ಅಂತ ತೂಗಿ ನೋಡಿದವರು ಕಡಿಮೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು, ಆಮೇಲೆ ಮುಂದಿನ ಕೆರೆಗಳಿಗೆ ಹರಿಯಿತು. ಒಣಗಿದ ತಳಕ್ಕೆ ನೀರು ಬಂದದ್ದು ಸಣ್ಣ ಮಾತಲ್ಲ. ಆದರೆ ಆ ನೀರಿನಲ್ಲಿ ಸಾರಜನಕ, ರಂಜಕ ಹೆಚ್ಚು. ಅಂಥ ನೀರಿನಲ್ಲಿ ತೇಲುವ ಕಳೆ ಹೆಚ್ಚಿ, ಮೇಲ್ಮೈ ಮುಚ್ಚಿ, ಬೆಳಕು ಕೆಳಗಿಳಿಯದಂತೆ ಮಾಡುತ್ತದೆ. ಬೆಳಕಿಲ್ಲದಿದ್ದರೆ ಗೋಡು ಬಿಟ್ಟ ಉಸಿರನ್ನು ಹೀರುವ ಗಿಡ ಕೆಳಗೆ ಇರುವುದಿಲ್ಲ. ಗೊಬ್ಬರ ಜಾಸ್ತಿಯಾದ ಗಾಜಿನ ತೊಟ್ಟಿಯಲ್ಲೂ ಇದೇ ಆಗುತ್ತದೆ. ಅಲ್ಲಾದರೆ ಕೈ ಹಾಕಿ ಕಳೆ ತೆಗೆಯಬಹುದು. ಕೆರೆಯಲ್ಲಿ ಆ ಕೆಲಸಕ್ಕೆ ಊರೇ ಇಳಿಯಬೇಕು, ಹಿಂದೆ ಗೋಡಿಗೆ ಇಳಿಯುತ್ತಿದ್ದ ಹಾಗೆ.

2021ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯಲ್ಲಿ ಮಳೆ ಸುರಿದದ್ದು ನೆನಪಿರಬೇಕು. ಎಷ್ಟೋ ವರ್ಷ ತುಂಬದ ಕೆರೆಗಳು ಕೋಡಿ ಹರಿದವು. ಸಂಕ್ರಾಂತಿ ಕಳೆದ ಮೇಲೆ ನಾನು ಬಸ್ಸು ಹತ್ತಿ ನನ್ನ ಮೊದಲ ಶಾಲೆಯ ಊರಿಗೆ ಹೋದೆ. ಏರಿಯ ಮೇಲೆ ನಿಂತು ನೋಡಿದರೆ ನೀರು ತಿಳಿಯಾಗಿತ್ತು. ಅಂಚಿನಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಹೈಡ್ರಿಲ್ಲಾ. ಮೇಲಿನ ಕೆರೆಯ ಕೋಡಿಯಲ್ಲಿ ತೇಲಿ ಬಂದ ಒಂದು ತುಂಡು ಸಾಕು, ಅದು ಬೇರು ಬಿಡುತ್ತದೆ. ಪಂಚೆ ಎತ್ತಿ ಕಟ್ಟಿ ಇಳಿದು, ಒಂದು ಹಿಡಿ ಗಿಡ, ಒಂದು ಬೊಗಸೆ ಗೋಡು ತಂದೆ.

ಉಪ್ಪಿನಕಾಯಿಯ ಹಳೆಯ ಗಾಜಿನ ಜಾಡಿಯ ತಳಕ್ಕೆ ಆ ಗೋಡು ಹಾಕಿ, ಮೇಲೆ ತೆಳುವಾಗಿ ಮರಳು ಹರಡಿ, ಗಿಡ ನೆಟ್ಟು, ಕಿಟಕಿಯ ಬಿಸಿಲಿಗಿಟ್ಟಿದ್ದೇನೆ. ಸಿಲಿಂಡರ್ ಇಲ್ಲ, ವಾಲ್ವ್ ಇಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಎಲೆಯ ತುದಿಯಲ್ಲಿ ಗುಳ್ಳೆ ಏಳಲು ಶುರುವಾಗುತ್ತದೆ. ಪಕ್ಕದ ತೊಟ್ಟಿಯ ಗ್ಯಾಸಿನ ತೂಕ ಭಾನುವಾರ ಭಾನುವಾರ ಗೋಡೆಗೆ ಹೋಗುತ್ತದೆ. ಈ ಜಾಡಿಯ ಹೆಸರಿನಲ್ಲಿ ಗೋಡೆಯ ಮೇಲೆ ಇದುವರೆಗೆ ಒಂದು ಅಂಕಿಯನ್ನೂ ಬರೆದಿಲ್ಲ.